ಗೆದ್ದರೆ ಸಹಿ ಯಾರದು?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವಳು. ಮದುವೆಯಾಗಿ ಪುಣೆಗೆ ಬಂದು ಹದಿನಾರು-ಹದಿನೇಳು ವರ್ಷ ಆಯಿತು. ಧಾಯರಿಯಲ್ಲಿ ಸ್ವಂತ ಮನೆ ಇದೆ, ಗುಂಠೇವಾರಿ ಜಾಗ (ಗುಂಟೆ ಲೆಕ್ಕದಲ್ಲಿ ಕೊಂಡ ತುಂಡು ನೆಲ), ಮೇಲಿನ ಮಹಡಿ ನಾವೇ ಕಟ್ಟಿಸಿದ್ದು. ನಮ್ಮವರು ಎಲೆಕ್ಟ್ರಿಕ್ ಕಾಂಟ್ರ್ಯಾಕ್ಟರ್. ಇಬ್ಬರು ಮಕ್ಕಳು, ದೊಡ್ಡವಳು ಮರಾಠಿ ಮಾಧ್ಯಮದಲ್ಲಿ ಹತ್ತನೆಯ ತರಗತಿ.

2025ರ ಜನವರಿಯಲ್ಲಿ ನಮ್ಮ ಕಡೆ ಆ ಜಿಬಿಎಸ್ (ಗಿಲನ್-ಬಾರೆ ಸಿಂಡ್ರೋಮ್) ಕಾಯಿಲೆಯ ಗದ್ದಲ ಎದ್ದಾಗ ನಮ್ಮ ಗಲ್ಲಿಯ ಹೆಂಗಸರನ್ನು ಕೂಡಿಸಿ ನೀರಿನ ಟ್ಯಾಂಕರು, ಕ್ಲೋರಿನ್, ನೀರಿನ ಪರೀಕ್ಷೆ ಅಂತ ಕಚೇರಿಯಿಂದ ಕಚೇರಿಗೆ ಓಡಾಡಿದೆ. ಅಂದಿನಿಂದ ಮಂದಿ ನನ್ನ ಹೆಸರು ಹಿಡಿದು ಮಾತಾಡಿಸತೊಡಗಿದರು. ಡಿಸೆಂಬರಿನಲ್ಲಿ ಮಹಾನಗರಪಾಲಿಕೆಯ ಚುನಾವಣೆಗೆಂದು ಒಂದು ಪಕ್ಷದ ಸ್ಥಳೀಯ ಮುಖಂಡರು ಮನೆಗೇ ಬಂದು, "ಒಬಿಸಿ ಲೇಡೀಸ್ ಸೀಟಿಗೆ ನಿಲ್ಲಿ" ಅಂದರು. ಜಾತಿ ಸರ್ಟಿಫಿಕೇಟು ತೆಗೆದು ನೋಡಿದರೆ ಅದು ಕರ್ನಾಟಕದ್ದು, ನಡೆಯುವುದಿಲ್ಲ ಎಂದರು. ಹಾಗಾದರೆ ಓಪನ್ ಲೇಡೀಸ್ ಸೀಟು ಕೊಡುತ್ತೇವೆ ಎಂದು ಮಾತು ಕೊಟ್ಟು, ಕೊನೆಯ ದಿನ ಮಧ್ಯಾಹ್ನ ಇನ್ನೊಬ್ಬ ಮುಖಂಡರ ಹೆಂಡತಿಗೆ ಎಬಿ ಫಾರಂ (ಪಕ್ಷದ ಅಧಿಕೃತ ಅಭ್ಯರ್ಥಿ ಎಂಬ ಪತ್ರ) ಕೊಟ್ಟರು. ಪಕ್ಷೇತರಳಾಗಿ ನಿಲ್ಲು ಎಂದು ಗಲ್ಲಿಯವರು ಹೇಳಿದರೂ ನನಗೆ ಧೈರ್ಯ ಬರಲಿಲ್ಲ.

ಈಗ ಫಲಿತಾಂಶ ಬಂದು ಎಲ್ಲ ಮುಗಿದಿದೆ, ನನ್ನ ತಲೆಯಲ್ಲಿ ಮಾತ್ರ ಮುಗಿದಿಲ್ಲ. "ಆಸೆ ಸುಟ್ಟುಕೊಂಡಳು" ಎಂದು ನಾದಿನಿ ನಗುತ್ತಾಳೆ. ನಮ್ಮವರು ಮಾತ್ರ, "ಮುಂದಿನ ಸಲ ಖಂಡಿತ ನಿಲ್ಲೋಣ, ಎಲ್ಲ ನಾನು ನೋಡಿಕೊಳ್ಳುತ್ತೇನೆ, ನೀನು ಸಹಿ ಮಾಡಿದರೆ ಸಾಕು" ಎನ್ನುತ್ತಾರೆ. ನನ್ನ ಮರಾಠಿಯಲ್ಲಿ ಕನ್ನಡದ ರಾಗ ಹೋಗಿಲ್ಲ. ಹಣವೂ ಇಲ್ಲ. ಮನೆತನದ ಹೆಣ್ಣುಮಗಳು ಇಂಥದ್ದನ್ನು ಬಯಸುವುದೇ ತಪ್ಪೇನೋ ಅನ್ನಿಸುತ್ತದೆ. ಮುಂದಿನ ಸಲ ನಿಲ್ಲಲೇ, ಅಥವಾ ಈ ಹುಚ್ಚು ಬಿಡಲೇ?

— ಹೆಸರು ಬೇಡ, ಧಾಯರಿ, ಪುಣೆ

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ದಾಟಿಹೋದ ಮಾತಿನಿಂದಲೇ ಶುರು ಮಾಡುತ್ತೇನೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಕಿರ್ಕಟ್‌ವಾಡಿ, ನಾಂದೇಡ್, ಧಾಯರಿಗಳಲ್ಲಿ ಆ ಕಾಯಿಲೆ ಕಾಣಿಸಿಕೊಂಡು, ನೀರಿನ ಮೇಲೆ ಎಲ್ಲರ ಅನುಮಾನ ಬಿದ್ದಾಗ, ನಿಮ್ಮ ಊರಿಗೆ ಒಬ್ಬನೇ ಒಬ್ಬ ನಗರಸೇವಕನೂ (ಕಾರ್ಪೊರೇಟರ್) ಇರಲಿಲ್ಲ. ಪುಣೆ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲೇ ಮುಗಿದಿತ್ತು. ಅಲ್ಲಿಂದ 2026ರ ಜನವರಿಯವರೆಗೆ ಆಡಳಿತಾಧಿಕಾರಿಯ ಆಳ್ವಿಕೆ. ಧಾಯರಿ ಪಾಲಿಕೆಗೆ ಸೇರಿದ್ದು 2017ರಲ್ಲಿ, ಆಗ ಸೇರಿದ ಹನ್ನೊಂದು ಹಳ್ಳಿಗಳಲ್ಲಿ ಒಂದಾಗಿ. ತೆರಿಗೆಯ ಬಿಲ್ಲು ಬೇಗ ಬಂತು, ನಲ್ಲಿ ನೀರು ನಿಧಾನಕ್ಕೆ ಬಂತು ಎಂದು ಆ ಹಳ್ಳಿಗಳವರು ಇವತ್ತಿಗೂ ಗೊಣಗುತ್ತಾರೆ. ಕೇಳುವವರಿಲ್ಲದ ಆ ಹೊತ್ತಿನಲ್ಲಿ ಟ್ಯಾಂಕರು ತರಿಸಿದಿರಿ, ನೀರಿನ ಪರೀಕ್ಷೆ ಮಾಡಿಸಿದಿರಿ. ಚುನಾವಣೆಯಿಲ್ಲದೆ, ಸಂಬಳವಿಲ್ಲದೆ, ನಗರಸೇವಕಿಯ ಕೆಲಸವನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ. ಆದ್ದರಿಂದ "ಬಯಸುವುದೇ ತಪ್ಪೇನೋ" ಎಂಬ ಮಾತನ್ನು ಇಲ್ಲಿಗೆ ಬಿಟ್ಟುಬಿಡೋಣ. ಅದೇ ಆಸೆ ನಿಮ್ಮ ಮೈದುನನಿಗೆ ಇದ್ದಿದ್ದರೆ ನಾದಿನಿ ನಗುತ್ತಿದ್ದರೇ? ಅದನ್ನು ಅವರನ್ನೇ ಕೇಳಿ ನೋಡಿ.

ನನಗೆ ಕಳವಳ ತಂದಿದ್ದು ನಿಮ್ಮ ಯಜಮಾನರ ಮಾತು. "ನೀನು ಸಹಿ ಮಾಡಿದರೆ ಸಾಕು." ಪ್ರೀತಿಯಿಂದಲೇ ಅಂದಿರಬಹುದು, ನಿಮ್ಮ ಭಾರ ಇಳಿಸಲೆಂದೇ ಅಂದಿರಬಹುದು. ಆದರೂ ಸೋಲುವುದಕ್ಕಿಂತ ಆ ಮಾತಿನಂತೆ ಗೆಲ್ಲುವುದಕ್ಕೆ ನೀವು ಹೆಚ್ಚು ಹೆದರಬೇಕು. ಸೋತರೆ ನಾಲ್ಕು ತಿಂಗಳು ಮುಜುಗರ. ಹಾಗೆ ಗೆದ್ದರೆ ಐದು ವರ್ಷ ನೀವು ಕಾಣದ ಟೆಂಡರು, ನೀವು ಓದದ ಪತ್ರ, ನೀವು ಆಡದ ಮಾತು, ಎಲ್ಲದರ ಕೆಳಗೂ ನಿಮ್ಮದೇ ಹೆಸರು. ತನಿಖೆ ಬಂದರೆ ಕರೆ ಬರುವುದು ಸಹಿ ಹಾಕಿದವರಿಗೆ, "ನೋಡಿಕೊಂಡವರಿಗೆ" ಅಲ್ಲ.

ಪುಣೆಯಲ್ಲಿ ಇದು ಹೊಸತಲ್ಲ. ಮಹಾರಾಷ್ಟ್ರದ ಪಾಲಿಕೆಗಳಲ್ಲಿ 2012ರ ಚುನಾವಣೆಗಳಿಂದ ಅರ್ಧದಷ್ಟು ಸೀಟು ಹೆಂಗಸರಿಗೆ. ಈ ಸಲ ಪುಣೆಯ 165ರಲ್ಲಿ 83. ಈ ಮೀಸಲಾತಿಯಿಂದ ನಿಜವಾಗಿ ಕೆಲಸ ಮಾಡುವ ಹೆಂಗಸರು ಬಂದಿದ್ದಾರೆ, ಬಜೆಟ್ಟಿನ ಸಾಲುಸಾಲು ಓದಿ ಆಯುಕ್ತರನ್ನು ನಿಲ್ಲಿಸಿ ಕೇಳುವವರಿದ್ದಾರೆ. ಜೊತೆಗೆ ಫ್ಲೆಕ್ಸಿನಲ್ಲಿ ಹೆಂಡತಿಯ ಚಿತ್ರದ ಪಕ್ಕ ಅದಕ್ಕಿಂತ ದೊಡ್ಡದಾಗಿ ಗಂಡನ ಚಿತ್ರ ಹಾಕಿಸುವ ಮನೆಗಳೂ ಇವೆ. ನಿಮಗೆ ಕೊನೆಯ ದಿನ ಕೈತಪ್ಪಿದ ಸೀಟು ಹೋದದ್ದೂ "ಮುಖಂಡರ ಹೆಂಡತಿ"ಗೆ. ಆಕೆ ಸ್ವಂತ ಬಲದ ಹೆಣ್ಣುಮಗಳೋ ಏನೋ ನಾನರಿಯೆ. ನಿಮಗಂತೂ ಆಕೆಯ ಹೆಸರು ಗೊತ್ತಿರಬೇಕು, ಆದರೂ ಪತ್ರದಲ್ಲಿ ಗಂಡನ ಗುರುತಿನಿಂದಲೇ ಬರೆದಿದ್ದೀರಿ. ಐದು ವರ್ಷದ ನಂತರ ನಿಮ್ಮ ಬಗ್ಗೆ ಇನ್ನೊಬ್ಬಳು ಹಾಗೆ ಬರೆಯಬಾರದು, ಅಷ್ಟೆ.

ಈ ಸಲ ನಿಮಗೆ ಆದದ್ದು ಅವಮಾನ ಎಂದು ತಿಳಿಯಬೇಡಿ. ಅದು ಬಹುಸದಸ್ಯ ಪ್ರಭಾಗದ (ವಾರ್ಡಿನ) ಲೆಕ್ಕಾಚಾರ. ಕರ್ನಾಟಕದಲ್ಲಿ ಕೂತು ಓದುವವರಿಗೆ ಇದು ವಿಚಿತ್ರವಾಗಿ ಕಾಣಬಹುದು, ಏಕೆಂದರೆ ನಮ್ಮಲ್ಲಿ ಒಂದು ವಾರ್ಡಿಗೆ ಒಬ್ಬರೇ. (ಅದೂ ಚುನಾವಣೆ ನಡೆದರೆ! ಬೆಂಗಳೂರಿನ ಹಿಂದಿನ ಪಾಲಿಕೆ ಬಿಬಿಎಂಪಿಗೆ ಕೊನೆಯ ಮತದಾನ ಆಗಿದ್ದು 2015ರಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ.) ಪುಣೆಯಲ್ಲಿ 41 ಪ್ರಭಾಗ. ಒಂದರಲ್ಲಿ ಐದು ಸೀಟು, ಉಳಿದ ನಲವತ್ತರಲ್ಲಿ ನಾಲ್ಕು ನಾಲ್ಕು: ಅ, ಬ, ಕ, ಡ. ಮತದಾರ ನಾಲ್ಕು ಸಲ ಗುಂಡಿ ಒತ್ತಬೇಕು. ಒಂದು ಪ್ರಭಾಗದಲ್ಲಿ ಸರಾಸರಿ 85 ಸಾವಿರದಷ್ಟು ಮತದಾರರು. ಅಷ್ಟು ಮಂದಿಗೆ ನಾಲ್ಕು ಹೆಸರನ್ನು ಬೇರೆಬೇರೆಯಾಗಿ ನೆನಪಿಸುವುದು ಆಗದ ಮಾತು. ಹಾಗಾಗಿ ಪಕ್ಷಗಳು ಪ್ಯಾನೆಲ್ ಕಟ್ಟುತ್ತವೆ, ಚಿಹ್ನೆಯೊಂದನ್ನೇ ನೆನಪಿಡಿ ಎನ್ನುತ್ತವೆ. ಪ್ಯಾನೆಲ್ಲಿನಲ್ಲಿ ಒಬ್ಬರು ಹಣ ತರುತ್ತಾರೆ, ಇನ್ನೊಬ್ಬರು ಜಾತಿಯ ಮತ ತರುತ್ತಾರೆ, ಮತ್ತೊಬ್ಬರು ಹಳೆಯ ಊರಿನ ಪಾಟೀಲಕಿಯ ಹೆಸರು ತರುತ್ತಾರೆ. ನಿಮ್ಮನ್ನು ಕರೆದದ್ದು ನಾಲ್ಕನೆಯ ಜಾಗ ತುಂಬಲು. ಇನ್ನೊಂದು ಲೆಕ್ಕ ಕೂಡಿಬಂದ ಕೂಡಲೇ ಬಿಟ್ಟರು. ಪುಣೆಯಲ್ಲಿ ಈ ಸಲ ಎಬಿ ಫಾರಂ ಸಲುವಾಗಿ ಏನೆಲ್ಲ ಆಯಿತೆಂದು ಪತ್ರಿಕೆಗಳಲ್ಲಿ ಓದಿದ್ದೀರಿ. ಒಂದೇ ಪಕ್ಷದ ಒಬ್ಬ ಆಕಾಂಕ್ಷಿ ಇನ್ನೊಬ್ಬರ ಫಾರಂ ಹರಿದು ನುಂಗಿಯೇಬಿಟ್ಟರೆಂಬ ಆರೋಪದವರೆಗೂ ಹೋಯಿತು. ಡಿಸೆಂಬರ್ 30ರ ಮಧ್ಯಾಹ್ನ ಹೀಗೆ ನಿಮ್ಮಂತೆ ಬರಿಗೈಲಿ ಮನೆಗೆ ಬಂದವರು, ಇಪ್ಪತ್ತು ವರ್ಷ ಪಕ್ಷಕ್ಕೆ ದುಡಿದವರೂ, ಎಷ್ಟೋ ಮಂದಿ.

ಪಕ್ಷೇತರರಾಗಿ ನಿಲ್ಲದೆ ಇದ್ದದ್ದು ಹೇಡಿತನವಲ್ಲ, ಸರಿಯಾದ ನಿರ್ಧಾರ. ಚಿಹ್ನೆ ಹಂಚಿದ್ದು ಜನವರಿ 3ಕ್ಕೆ, ಮತದಾನ 15ಕ್ಕೆ. ಆ ನಡುವಿನ ಹತ್ತು-ಹನ್ನೊಂದು ದಿನದಲ್ಲಿ, ಯಾರೂ ಕೇಳಿರದ ಒಂದು ಚಿಹ್ನೆಯನ್ನು 85 ಸಾವಿರ ಮತದಾರರಿಗೆ, ಅದೂ ನಾಲ್ಕರಲ್ಲಿ ಇಂಥ ಗುಂಡಿ ಮಾತ್ರ ಎಂದು ಕಲಿಸುವುದು ನಿಮ್ಮ ಗಲ್ಲಿಯ ಬಲದಿಂದ ಆಗುತ್ತಿರಲಿಲ್ಲ. ಗಲ್ಲಿಯವರ ಪ್ರೀತಿ ದೊಡ್ಡದು. ಆದರೆ ಪ್ರಭಾಗ ಗಲ್ಲಿಗಿಂತ ಬಹಳ ದೊಡ್ಡದು.

ಇನ್ನು ಜಾತಿ ಪ್ರಮಾಣಪತ್ರ. ಹೊರರಾಜ್ಯದಲ್ಲಿ ನೆಲೆಸಿದ ಕನ್ನಡಿಗರು ಪದೇಪದೇ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ಮನುಷ್ಯನ ಜೊತೆ ಪ್ರಯಾಣ ಮಾಡುವುದಿಲ್ಲ. 1990ರಿಂದಲೂ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಎರಡೂ ರಾಜ್ಯಗಳ ಪಟ್ಟಿಯಲ್ಲಿ ಅದೇ ಜಾತಿಯ ಹೆಸರಿದ್ದರೂ ಅಷ್ಟೆ. ಮಹಾರಾಷ್ಟ್ರದಲ್ಲಿ ಒಬಿಸಿ ಪ್ರಮಾಣಪತ್ರ ಬೇಕಾದರೆ ನಿಮ್ಮ ಮನೆತನ 1967ರ ಅಕ್ಟೋಬರ್ 13ಕ್ಕೆ ಮೊದಲೇ ಅಲ್ಲಿ ವಾಸವಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ ಅದು 1950ರ ಆಗಸ್ಟ್ 10. ಮತ್ತೆ, ಹೆಂಗಸಿನ ಜಾತಿ ಲೆಕ್ಕಕ್ಕೆ ಬರುವುದು ತವರಿನಿಂದ, ಗಂಡನ ಮನೆಯಿಂದಲ್ಲ. ನಿಮ್ಮ ಯಜಮಾನರ ಮನೆತನ ಮೂರು ತಲೆಮಾರಿನಿಂದ ಪುಣೆಯಲ್ಲಿದ್ದರೂ ನಿಮಗೆ ಅದು ಉಪಯೋಗಕ್ಕಿಲ್ಲ. "ಬಿಜಾಪುರ 1956ರವರೆಗೆ ಮುಂಬೈ ರಾಜ್ಯದಲ್ಲೇ ಇತ್ತಲ್ಲ" ಎಂದು ವಾದಿಸುವ ಒಬ್ಬ ಮಾವ ಪ್ರತಿ ಮನೆಯಲ್ಲೂ ಇರುತ್ತಾರೆ. ಇತಿಹಾಸ ನಿಜ. ಆದರೆ ಆ ವಾದವನ್ನು ನಂಬಿ, ಜಾತಿ ಪರಿಶೀಲನಾ ಸಮಿತಿಯ ಮುಂದೆ ಹೋಗಿ, ಗೆದ್ದ ಸೀಟು ಕಳೆದುಕೊಳ್ಳುವ ಪಾಡು ಬೇಡ. ಪ್ರಮಾಣಪತ್ರದ ಸಿಂಧುತ್ವ ಸಿಗದೆ ಗೆದ್ದ ಮೇಲೆ ಸದಸ್ಯತ್ವ ಕಳೆದುಕೊಂಡವರು ಮಹಾರಾಷ್ಟ್ರದ ಪಾಲಿಕೆಗಳಲ್ಲಿ ಬೇಕಾದಷ್ಟು ಮಂದಿ. ನಿಮ್ಮ ಮುಂದಿರುವುದು ಎರಡೇ ದಾರಿ: ಓಪನ್ ಲೇಡೀಸ್, ಇಲ್ಲವೇ ಗಂಡಸರೂ ನಿಲ್ಲಬಹುದಾದ ಓಪನ್ ಸೀಟು. ಎರಡನೆಯದರಲ್ಲಿ ಹೆಂಗಸರು ನಿಲ್ಲಬಾರದೆಂದು ಯಾವ ಕಾನೂನೂ ಹೇಳಿಲ್ಲ. ಪಕ್ಷಗಳಿಗೆ ಅದು ಮರೆತುಹೋಗುತ್ತದೆ, ಅಷ್ಟೆ.

ಪತ್ರದಲ್ಲಿ ನೀವು ಸುಮ್ಮನೆ ಹೇಳಿ ಬಿಟ್ಟ ಇನ್ನೆರಡು ಸಂಗತಿಗಳು ನನ್ನನ್ನು ತಡೆದವು. ಒಂದು, ಮನೆಯ ಮೇಲಿನ ಮಹಡಿ. ಮಹಾರಾಷ್ಟ್ರದ ಪಾಲಿಕೆ ಕಾನೂನಿನಲ್ಲಿ, ತಾನೋ ಗಂಡನೋ ಅವಲಂಬಿತರೋ ಅನಧಿಕೃತ ಕಟ್ಟಡ ಕಟ್ಟಿದ್ದರೆ ಸದಸ್ಯತ್ವಕ್ಕೆ ಕುತ್ತು ಬರುತ್ತದೆ. ಗುಂಠೇವಾರಿ ಜಾಗವೆಂದರೆ ಪರವಾನಗಿ ಕಾಗದ ಪೂರ್ತಿ ಇರುವುದು ಅಪರೂಪ. ನಿಮ್ಮ ವಿರುದ್ಧ ನಿಲ್ಲುವವರು ಮೊದಲು ಹುಡುಕುವ ಕಾಗದ ಅದೇ. ಈಗಲೇ ವಕೀಲರಿಗೆ ತೋರಿಸಿ, ಸಕ್ರಮಕ್ಕೆ ದಾರಿಯಿದ್ದರೆ ಹಿಡಿಯಿರಿ. ಎರಡು, ಯಜಮಾನರ ಕಾಂಟ್ರ್ಯಾಕ್ಟು. ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲಿದ್ದವರು ಸದಸ್ಯರಾಗುವಂತಿಲ್ಲ. ಅವರು ಖಾಸಗಿ ಕೆಲಸ ಮಾತ್ರ ಮಾಡುತ್ತಿದ್ದರೆ ತೊಂದರೆಯಿಲ್ಲ. ಕಾರ್ಪೊರೇಷನ್ನಿನ ಬೀದಿದೀಪದ ಕೆಲಸವನ್ನು ಯಾರದೋ ಹೆಸರಲ್ಲಿ ಮಾಡುತ್ತಿದ್ದರೆ, ನಿಮ್ಮ ಕನಸು ಮತ್ತು ಅವರ ಬಿಲ್ಲು ಎರಡೂ ಒಂದೇ ಮನೆಯಲ್ಲಿ ಇರಲಾರವು. "ನಾನು ನೋಡಿಕೊಳ್ಳುತ್ತೇನೆ" ಎಂಬುದರ ಹಿಂದೆ ಈ ಲೆಕ್ಕವೇನಾದರೂ ಇದೆಯೇ? ಅನುಮಾನಪಟ್ಟು ಕೇಳಬೇಡಿ, ಆದರೆ ಕೇಳಿ. ಮಕ್ಕಳು ಇಬ್ಬರೇ ಆದ್ದರಿಂದ, ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದರೆ ನಿಲ್ಲುವಂತಿಲ್ಲ ಎಂಬ ನಿಯಮ ನಿಮಗೆ ಅಡ್ಡ ಬರುವುದಿಲ್ಲ.

ಹಣದ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಪುಣೆಯಲ್ಲಿ ಈ ಸಲ ಒಬ್ಬ ಅಭ್ಯರ್ಥಿಗೆ ಖರ್ಚಿನ ಮಿತಿ 15 ಲಕ್ಷ ರೂಪಾಯಿ ಇತ್ತು. ಕಾಗದದ ಮೇಲಿನ ಆ ಮಿತಿಯೊಳಗೆ ಎಲ್ಲರೂ ಇದ್ದರೆಂದು ಪುಣೆಯಲ್ಲಿ ಯಾರೂ ನಂಬುವುದಿಲ್ಲ. ಆದರೆ ಮಿತಿಯಷ್ಟು ಖರ್ಚು ಮಾಡಲೇಬೇಕೆಂದೂ ಇಲ್ಲ. ನಾನು ಹಾಕುವ ಗೆರೆ ಇಷ್ಟು: ಮನೆ ಅಡವಿಡಬೇಡಿ, ಮಗಳ ಓದಿನ ಹಣ ಮುಟ್ಟಬೇಡಿ, ತವರಿನ ಬಂಗಾರ ಮುಟ್ಟಬೇಡಿ, ಕಾಂಟ್ರ್ಯಾಕ್ಟರುಗಳಿಂದ "ಆಮೇಲೆ ನೋಡೋಣ" ಎಂಬ ಸಾಲ ತೆಗೆದುಕೊಳ್ಳಬೇಡಿ. ಆ ಕೊನೆಯದರ ಬಡ್ಡಿಯನ್ನು ನೀವು ಸಭೆಯಲ್ಲಿ ಕೈಯೆತ್ತಿ ತೀರಿಸಬೇಕಾಗುತ್ತದೆ. ಚುನಾವಣೆಯ ಖರ್ಚಿಗೆ ಅಭ್ಯರ್ಥಿಯ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ಬೇಕು, ಫಲಿತಾಂಶದ ಮೂವತ್ತು ದಿನದೊಳಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಸೋತವರೂ ಮೂರು ವರ್ಷ ಅನರ್ಹರಾಗಬಹುದು. ಯಜಮಾನರ ಜೊತೆ ಮಾತಾಡಲು ಇದು ಒಳ್ಳೆಯ ನೆಪ. ಆ ಚೆಕ್‌ಬುಕ್ಕು ನಿಮ್ಮ ಕಪಾಟಿನಲ್ಲಿ ಇರುತ್ತದೋ ಅವರ ಬ್ಯಾಗಿನಲ್ಲೋ? ಪಾಲಿಕೆಯ ಅಧಿಕಾರಿ ಫೋನ್ ಮಾಡಿದರೆ ಎತ್ತುವವರು ಯಾರು? ಸಭೆಯಿಂದ ರಾತ್ರಿ ಒಂಬತ್ತಕ್ಕೆ ಬಂದರೆ ಅಡುಗೆ ಯಾರದು? ಈ ಮೂರಕ್ಕೂ ಅವರು ಮುಖ ಕೆಡಿಸಿಕೊಳ್ಳದೆ ಉತ್ತರಿಸಿದರೆ ಅವರಷ್ಟು ದೊಡ್ಡ ಬಲ ನಿಮಗೆ ಬೇರೆಲ್ಲೂ ಸಿಗದು, ನಾನು ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉತ್ತರಿಸದಿದ್ದರೆ ನಿಲ್ಲಬೇಡಿ. ಸಾಮಾನ್ಯವಾಗಿ ನಾನು ಇಷ್ಟು ಖಡಾಖಂಡಿತ ಹೇಳುವುದಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಭಾಷೆಯ ವಿಷಯಕ್ಕೆ ನೀವು ಕೊಟ್ಟಷ್ಟು ತೂಕ ಅದಕ್ಕಿಲ್ಲ. ಮತದಾನಕ್ಕೆ ಒಂಬತ್ತು ದಿನ ಮೊದಲು, ಜನವರಿ 6ರಂದು ಪುಣೆಯಲ್ಲಿ ತೀರಿಕೊಂಡ ಸುರೇಶ್ ಕಲ್ಮಾಡಿ ಕರಾವಳಿ ಮೂಲದ ಕನ್ನಡ ಮನೆಯವರು. ಅಲ್ಲಿನ ಕನ್ನಡ ಸಂಘದ ಶಾಲೆಗೆ ಅವರ ತಂದೆ ಡಾ. ಶಾಮರಾವ್ ಕಲ್ಮಾಡಿಯವರ ಹೆಸರಿದೆ. ಅವರ ರಾಜಕೀಯದ ಬಗ್ಗೆ, ಕಾಮನ್‌ವೆಲ್ತ್ ಕ್ರೀಡಾಕೂಟದ ಪ್ರಕರಣದ ಬಗ್ಗೆ ಯಾರು ಏನೇ ಅನ್ನಲಿ, ಪುಣೆ ಮೂರು ಸಲ ಅವರನ್ನು ಲೋಕಸಭೆಗೆ ಕಳಿಸಿತು, ಪಾಲಿಕೆಯ ಕಾಂಗ್ರೆಸ್ಸು ವರ್ಷಗಟ್ಟಲೆ ಅವರ ಮಾತು ಕೇಳಿತು. ಅವರದು ಹಣ, ಹೆಸರು ಎರಡೂ ಇದ್ದ ಮನೆ, ನಿಮ್ಮದಲ್ಲ ಎಂಬುದು ನಿಜ. ಆದರೆ ಕನ್ನಡದ ಮನೆ ಎಂಬುದೊಂದೇ ಕಾರಣಕ್ಕೆ ಪುಣೆ ಬಾಗಿಲು ಹಾಕಲಿಲ್ಲ ಎಂಬುದೂ ನಿಜ. ಇನ್ನೊಂದು ಕಡೆಯಿಂದಲೂ ಭ್ರಮೆ ಬೇಡ: "ಕನ್ನಡಿಗರ ವೋಟು" ಎಂಬ ಗಂಟು ಪುಣೆಯಲ್ಲಿ ಯಾರ ಕೈಯಲ್ಲೂ ಇಲ್ಲ. ಉಡುಪಿ ಕಡೆಯ ಹೋಟೆಲಿನವರು, ಐಟಿಗೆ ಬಂದ ಬೆಂಗಳೂರು-ಮೈಸೂರಿನವರು, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ-ಯಾದಗಿರಿಯವರು ಒಂದೇ ಪೆಟ್ಟಿಗೆಗೆ ಮತ ಹಾಕುವವರಲ್ಲ. ಕೊನೆಯವರಲ್ಲಿ ಬಹಳ ಮಂದಿಯ ಮತ ಇನ್ನೂ ಊರಿನಲ್ಲೇ ಇದೆ. ನಿಮ್ಮ ಹಿಂದೆ ಬಂದವರು ನೀರಿಗಾಗಿ ಬಂದರು, ಭಾಷೆಗಾಗಿ ಅಲ್ಲ. ಅವರಲ್ಲಿ ಮುಕ್ಕಾಲು ಮಂದಿ ಮರಾಠಿಯವರೇ ಇದ್ದಿರಬೇಕು.

ಹಾಗಾದರೆ ಮುಂದಿನ ಚುನಾವಣೆ, 2031ರದು? ತಮಾಷೆಯೆಂದರೆ ನೀವು ನಿಲ್ಲಬೇಕೆಂದಿರುವ ಸೀಟೇ ಈಗ ಇಲ್ಲ. ಈ ಸಲದ ಪ್ರಭಾಗಗಳನ್ನು ಕೊರೆದದ್ದು 2011ರ ಜನಗಣತಿಯ ಮೇಲೆ. 2027ರ ಜನಗಣತಿಯ ಅಂಕಿ ಬಂದ ಮೇಲೆ ಗಡಿಗಳು ಬದಲಾಗಬಹುದು. ಯಾವ ಸೀಟು ಯಾರಿಗೆ ಮೀಸಲು ಎಂಬುದು ಚೀಟಿ ಎತ್ತಿದ ದಿನವೇ ಗೊತ್ತಾಗುವುದು, ಈ ಸಲ ಅದು ನವೆಂಬರ್ 11ಕ್ಕೆ ಆಯಿತು. ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯುವ ಭರವಸೆಯೂ ಇಲ್ಲವೆಂಬುದನ್ನು ನಾಲ್ಕು ವರ್ಷ ಕಣ್ಣಾರೆ ಕಂಡಿದ್ದೀರಿ. ಸೀಟಿಗಾಗಿ ತಯಾರಿ ಮಾಡುವವರು ಪಕ್ಷದ ಕಚೇರಿಯಲ್ಲಿ ಕಾದು ಕೂರುತ್ತಾರೆ, ಆದ್ದರಿಂದ ನೀವು ಆ ಸಾಲಿಗೆ ಸೇರಬೇಡಿ. ಕೆಲಸ ಇಷ್ಟವೇ ಎಂದು ಪರೀಕ್ಷಿಸಿ ನೋಡಿಕೊಳ್ಳಿ. ಜಿಬಿಎಸ್ ಕಾಲದ ಓಡಾಟದಲ್ಲಿ ಹೆದರಿಕೆ ಇತ್ತು, ಅದು ಕಾಲಿಗೆ ಬಲ ಕೊಟ್ಟಿತು. ಹೆದರಿಕೆಯಿಲ್ಲದ ದಿನಗಳಲ್ಲಿ, ಒಂದು ಒಳಚರಂಡಿ ಚೇಂಬರಿನ ಮುಚ್ಚಳಕ್ಕಾಗಿ ಒಬ್ಬನೇ ಜೂನಿಯರ್ ಇಂಜಿನಿಯರನ ಮುಂದೆ ಮೂರನೆಯ ಸಲ ನಿಲ್ಲುವಾಗಲೂ ನಿಮಗೆ ಇದು ಹಿಡಿಸುತ್ತದೆಯೇ? ನಗರಸೇವಕರ ಬದುಕಿನ ಬಹುಪಾಲು ಅದೇ. ಉಳಿದದ್ದು "ಸ ಯಾದಿ"ಯ (ನಗರಸೇವಕರ ವಾರ್ಡ್ ಕೆಲಸಗಳ) ನಿಧಿಯಿಂದ ಬೆಂಚು ಹಾಕಿಸಿ ಅದರ ಬೆನ್ನಿಗೆ ಹೆಸರು ಬರೆಸುವುದು. ಪುಣೆಯಲ್ಲಿ ಕೂರುವ ಜನಕ್ಕಿಂತ ಹೆಸರು ಬರೆದ ಬೆಂಚುಗಳೇ ಹೆಚ್ಚೇನೋ.

ಅದೇ ಪುಣೆಯಲ್ಲಿ 1876ರಿಂದ 1883ರವರೆಗೆ ಪುರಸಭೆಯ ಸದಸ್ಯರಾಗಿದ್ದವರು ಮಹಾತ್ಮ ಜೋತಿಬಾ ಫುಲೆ. ವೈಸರಾಯ್ ಲಿಟನ್ನನ ಸ್ವಾಗತಕ್ಕೆ ಪುರಸಭೆಯ ಹಣ ಖರ್ಚು ಮಾಡುವ ಮಾತು ಬಂದಾಗ ಅವರು ವಿರೋಧಿಸಿದರು, ಉಳಿದವರು ಒಪ್ಪಿದರು. ನಿಮ್ಮನ್ನು ಫುಲೆ ಆಗಿ ಎನ್ನುತ್ತಿಲ್ಲ. ಪ್ಯಾನೆಲ್ಲಿನ ಇನ್ನು ಮೂವರು, ಪಕ್ಷದ ಗುಂಪಿನ ನಾಯಕ, ಮನೆಯ ಯಜಮಾನರು ಎಲ್ಲರೂ ಹೂಂ ಎಂದಿರುವ ಒಂದು ಟ್ಯಾಂಕರ್ ಟೆಂಡರಿಗೆ ಒಬ್ಬರೇ ಊಹೂಂ ಎನ್ನಬೇಕಾದ ದಿನ ನಿಮಗೂ ಬಂದೀತು. ಆ ದಿನವನ್ನು ಮನಸ್ಸಿನಲ್ಲಿ ಒಮ್ಮೆ ಆಡಿಸಿ ನೋಡಿ.

ಸದ್ಯಕ್ಕೆ ಮಾಡಬೇಕಾದ ಕೆಲಸ ಚಿಕ್ಕದು. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ತವರಿನದೋ ಗಂಡನ ಮನೆಯದೋ, ಆಧಾರ್ ಮತ್ತು ಶಾಲೆಯ ಸರ್ಟಿಫಿಕೇಟಿಗೆ ತಾಳೆಯಾಗುತ್ತದೋ ನೋಡಿಕೊಳ್ಳಿ. ಸಿಂಹಗಡ ರಸ್ತೆಯ ಕ್ಷೇತ್ರೀಯ ಕಚೇರಿಯಲ್ಲಿ ಮೊಹಲ್ಲಾ ಕಮಿಟಿ ಸಭೆ ಯಾವಾಗ ಎಂದು ಕೇಳಿ, ಹೋಗಿ ಹಿಂದಿನ ಸಾಲಿನಲ್ಲಾದರೂ ಕೂತು ಬನ್ನಿ. ಗೆದ್ದು ಬಂದ ನಿಮ್ಮ ಪ್ರಭಾಗದ ನಾಲ್ವರನ್ನೂ, ಆ "ಮುಖಂಡರ ಹೆಂಡತಿ" ಗೆದ್ದಿದ್ದರೆ ಆಕೆಯನ್ನೂ, ನೀರಿನ ವಿಷಯಕ್ಕೆ ಭೇಟಿಯಾಗಿ. ಪುಣೆ ಪಾಲಿಕೆ 2006ರಿಂದ ನಾಗರಿಕರ ಸಲಹೆಗಳನ್ನು ಬಜೆಟ್ಟಿಗೆ ಕೇಳುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಅರ್ಜಿ ಕರೆಯುತ್ತಾರೆ. ನಿಮ್ಮ ಗಲ್ಲಿಯಿಂದ ಒಂದೇ ಒಂದು ಕೆಲಸ ಬರೆದು ಹಾಕಿ, ಅದು ಯಾವ ಮೇಜಿನಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ವರ್ಷವಿಡೀ ಬೆನ್ನು ಹತ್ತಿ. ಅರ್ಜಿಯನ್ನು ಮರಾಠಿಯಲ್ಲಿ ನೀವೇ ಬರೆಯಿರಿ. ವ್ಯಾಕರಣ ತಪ್ಪಿದರೆ ಮಗಳು ತಿದ್ದಿಕೊಡುತ್ತಾಳೆ. ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಕೇಳಿ, ಈಗಲೇ ಬೇಡ.